18 ತುಂಬಿದ ಮೇಲಿನ 141 ದಿನ: ಬಾಲ್ಯದ ಓವರ್‌ಸ್ಟೇ ಫೈಲನ್ನು ದಾಟಿಸಿದ ನನ್ನ ಅನುಭವ

ಬಾಲ್ಯದಲ್ಲಿ ಅಮೆರಿಕಕ್ಕೆ ಹೋಗಿ, ಅನುಮತಿಯ ಅವಧಿ ಮುಗಿದ ಮೇಲೂ ಅಲ್ಲೇ ಉಳಿದವನು (ಓವರ್‌ಸ್ಟೇ) ನಾನು. ಮತ್ತೆ ಅಲ್ಲಿಗೆ ವೀಸಾ ಕೇಳಲು ಹೊರಟಾಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಇಬ್ಬರು, ಉಡುಪಿಯಲ್ಲಿ ಒಬ್ಬರು, ಮೂವರು ಏಜೆಂಟರದ್ದೂ ಒಂದೇ ಮಾತು: "ಎಂಟೂವರೆ ವರ್ಷ ಓವರ್‌ಸ್ಟೇ ಅಲ್ವಾ, ಹತ್ತು ವರ್ಷ ಬ್ಯಾನ್. ಬೇರೆ ದೇಶ ನೋಡಿ ಮಾರಾಯ್ರೆ." ಅದೇ ಫೈಲಿಗೆ 2024ರಲ್ಲಿ ಎಫ್-1 (ವಿದ್ಯಾರ್ಥಿ ವೀಸಾ) ಸ್ಟಾಂಪಾಯಿತು. ವೇವರ್ (ತಡೆಯಿಂದ ವಿನಾಯಿತಿ) ಬೇಕಾಗಲಿಲ್ಲ, ವಕೀಲರೂ ಬೇಕಾಗಲಿಲ್ಲ. ಫಾರ್ಮ್ ತುಂಬಿಸುವುದು ಗೊತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಡಿಎಸ್-160 (ವೀಸಾ ಅರ್ಜಿ) ಎಂದರೇನು, ಐ-20 (ಅಲ್ಲಿನ ಕಾಲೇಜು ಕೊಡುವ ಪತ್ರ) ಎಲ್ಲಿಂದ ಬರುತ್ತದೆ ಎಂಬಲ್ಲಿಂದ ಶುರು ಮಾಡುವುದಿಲ್ಲ.

ಮೊದಲು ಎಣಿಕೆ. 2008ರ ಮೇ ತಿಂಗಳಲ್ಲಿ ಬಿ-2 (ಪ್ರವಾಸಿ ವೀಸಾ) ಮೇಲೆ ಪ್ರವೇಶ, ಆಗ 9 ವರ್ಷ. ಐ-94 (ಎಲ್ಲಿಯವರೆಗೆ ಇರಬಹುದು ಎಂದು ತಿಳಿಸುವ ಪ್ರವೇಶ ದಾಖಲೆ) ಮುಗಿದದ್ದು ಅದೇ ನವೆಂಬರ್. 18 ತುಂಬಿದ್ದು 11 ಫೆಬ್ರವರಿ 2017. ವಿಮಾನ ಹತ್ತಿದ್ದು 2 ಜುಲೈ 2017. ಏಜೆಂಟರು ನವೆಂಬರ್ 2008ರಿಂದ ಎಣಿಸಿದರು. ಕಾನೂನು ಎಣಿಸುವುದು 18 ತುಂಬಿದ ದಿನದಿಂದ. ಅಮೆರಿಕದ ವಲಸೆ ಕಾಯ್ದೆಯ 212(ಎ)(9)(ಬಿ) ಪ್ರಕಾರ ಅನಧಿಕೃತ ವಾಸ 180 ದಿನ ದಾಟಿ ಒಂದು ವರ್ಷದೊಳಗೆ ಹೊರಟರೆ 3 ವರ್ಷ ತಡೆ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ 10 ವರ್ಷ. ಅದೇ ಕಲಮಿನ ಕೆಳಗಿನ (iii)(I) ಉಪಕಲಮು 18ರ ಒಳಗಿನ ದಿನಗಳನ್ನು ಲೆಕ್ಕದಿಂದ ಪೂರ್ತಿ ಬಿಡುತ್ತದೆ. ಹಾಗಾಗಿ ನನ್ನ ಎಣಿಕೆ 141 ದಿನ. ಮೊದಲ ದಿನ, ಕೊನೆಯ ದಿನ ಸೇರಿಸಿ ಎಣಿಸಿದರೆ ಒಂದು ದಿನ ಹೆಚ್ಚಬಹುದು, 180 ಆಗುವುದಿಲ್ಲ. ಕಾನ್ಸುಲೇಟಿನವರು ನೋಡುವ ಕೈಪಿಡಿಯಲ್ಲಿ ಇದು 9 ಎಫ್‌ಎಎಂ 302.11ರಲ್ಲಿದೆ. ಆ ಪುಟ ಯಾರು ಬೇಕಾದರೂ ಓದಬಹುದು. ಅದನ್ನು ಓದದೆ ಸಲಹೆಗೆ ಹಣ ತೆಗೆದುಕೊಳ್ಳುತ್ತಾರಲ್ಲ, ನನಗೆ ಬೇಸರ ಅದಕ್ಕೇ.

ಇನ್ನೂ ಅಲ್ಲೇ ಇರುವ ಹುಡುಗರ ಹೆತ್ತವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು: ಹದಿನೆಂಟೂವರೆಗೆ ಸ್ವಲ್ಪ ಮೊದಲು ಹೊರಟರೆ ತಡೆ ಇಲ್ಲ, ಅದು ದಾಟಿದರೆ 3 ವರ್ಷ, 19 ದಾಟಿದರೆ 10. ತಡೆ ಅಂಟುವುದು ಹೊರಟಾಗ. ಅಲ್ಲಿನ ಪೌರರನ್ನೇ ಮದುವೆಯಾಗುವುದಿದ್ದರೆ, ಒಳಗೆ ಬರುವಾಗ ಸರಿಯಾಗಿ ತಪಾಸಣೆ ಆಗಿ ಬಂದಿದ್ದರೆ, ದೇಶ ಬಿಡದೆ ಅಲ್ಲೇ ಐ-485 (ಗ್ರೀನ್ ಕಾರ್ಡ್ ಅರ್ಜಿ) ಹಾಕುವ ದಾರಿ ಇದೆ. ಅಂಥವರು ಅವಸರದಲ್ಲಿ ಟಿಕೆಟ್ ತೆಗೆಯಬಾರದು.

ಇಡೀ ಫೈಲು ನಿಂತಿರುವುದು ಎರಡು ತಾರೀಕುಗಳ ಮೇಲೆ, ಹುಟ್ಟಿದ ದಿನ ಮತ್ತು ಹೊರಟ ದಿನ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ತಾರೀಕು ಎರಡು ಮೂರು ತಿಂಗಳು ಹಿಂದೆ ಮುಂದೆ ಮಾಡಿಸುವ ರೂಢಿ ಇತ್ತಲ್ಲ, ಇಲ್ಲಿ ಅದು ಕುತ್ತಿಗೆಗೆ ಬರುತ್ತದೆ. ಎರಡು ತಿಂಗಳು ಮುಂಚೆ ಹುಟ್ಟಿದ್ದೆ ಎಂದು ಯಾವುದಾದರೂ ದಾಖಲೆ ಹೇಳಿದ್ದರೆ ನನ್ನ 141 ದಿನ 200 ಆಗಿ 3 ವರ್ಷದ ತಡೆಗೆ ಬೀಳುತ್ತಿತ್ತು. ನಗರಸಭೆಯ ಜನನ ಪ್ರಮಾಣಪತ್ರ, ಹಳೆ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್, ಅಂಕಪಟ್ಟಿ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ. ಒಂದರಲ್ಲಿ ಬೇರೆ ಇದ್ದರೆ ಅದು ಸರಿಯಾಗುವವರೆಗೆ ಫೀಸ್ ಕಟ್ಟಬೇಡಿ.

ಹೊರಟ ದಿನದ ಕಥೆ ಇನ್ನೂ ಕಷ್ಟ. ಅಮೆರಿಕದಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಸ್ಟಾಂಪ್ ಹೊಡೆಯುವುದಿಲ್ಲ. ಬೋರ್ಡಿಂಗ್ ಪಾಸ್ ಇಟ್ಟುಕೊಂಡಿದ್ದೆ, ಆದರೆ ಅದು ಥರ್ಮಲ್ ಕಾಗದ. ತೆಗೆದು ನೋಡುವಾಗ ಬರೀ ಬಿಳಿ ಚೀಟಿ. ವಿಮಾನ ಕಂಪನಿಗೆ ನಾಲ್ಕೈದು ಮೇಲ್ ಹಾಕಿದರೂ ಅಷ್ಟು ಹಳೆಯ ದಾಖಲೆ ಇಲ್ಲ ಎಂದರು. ಉಳಿದದ್ದು ಹಳೆ ಪಾಸ್‌ಪೋರ್ಟಿನಲ್ಲಿ ಬಜ್ಪೆಯಲ್ಲಿ (ಮಂಗಳೂರು ವಿಮಾನ ನಿಲ್ದಾಣ) ಹೊಡೆದ ಆಗಮನದ ಸ್ಟಾಂಪ್, 4 ಜುಲೈ 2017. ದುಬೈ ಮೂಲಕ ಬಂದದ್ದರಿಂದ ಎರಡು ದಿನ ವ್ಯತ್ಯಾಸ. ಆಗ ಹೊಳೆಯಿತು, ಹೊರಟ ದಿನ ಗೊತ್ತಾಗಲೇಬೇಕೆಂದಿಲ್ಲ. ಊರಿಗೆ ಕಾಲಿಟ್ಟ ದಿನದವರೆಗೆ ಅಲ್ಲೇ ಇದ್ದೆ ಎಂದು ಹಿಡಿದರೂ 143. ಮೂಲೆ ಕತ್ತರಿಸಿ ವಾಪಸ್ ಕೊಟ್ಟ ಹಳೆ ಪಾಸ್‌ಪೋರ್ಟನ್ನು ಅಟ್ಟಕ್ಕೆ ಹಾಕುವವರು ಇಲ್ಲಿ ಎಷ್ಟೋ ಮಂದಿ. ನಮ್ಮ ಮಳೆಗಾಲದಲ್ಲಿ ಶಾಯಿ ಉಳಿಯುವುದಿಲ್ಲ. ಇವತ್ತೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ.

ಅವರ ಕಡೆಯ ದಾಖಲೆಗೆ ಎಫ್‌ಒಐಎ ಅರ್ಜಿ, ಅಂದರೆ ಅಲ್ಲಿನ ಮಾಹಿತಿ ಹಕ್ಕು. ಸಿಬಿಪಿಗೆ (ಗಡಿ ತಪಾಸಣೆಯ ಇಲಾಖೆ) ಒಂದು, ಯುಎಸ್‌ಸಿಐಎಸ್‌ಗೆ (ವಲಸೆ ಅರ್ಜಿಗಳ ಇಲಾಖೆ) ಒಂದು. ಅಷ್ಟು ಹಳೆಯ ಪ್ರವೇಶವನ್ನು ಐ-94 ವೆಬ್‌ಸೈಟಿನಲ್ಲಿ ಹುಡುಕುವುದು ದಂಡ, 2013ಕ್ಕೆ ಮೊದಲು ವಿಮಾನದಲ್ಲಿ ಬಂದವರಿಗೆ ಕೊಟ್ಟದ್ದು ಕಾಗದದ ಕಾರ್ಡು. ನನ್ನ ಮೊದಲ ಅರ್ಜಿಗೆ ಎರಡು ತಿಂಗಳ ಮೇಲೆ ಬಂದ ಉತ್ತರ "ದಾಖಲೆ ಇಲ್ಲ". ಕಾರಣ ಹೆಸರು. ಮಗುವಾಗಿದ್ದಾಗಿನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ. ಅಂಥವರ ಇಡೀ ಹೆಸರನ್ನು ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿಯದು) ಎಂದು ಹಾಕುತ್ತಾರೆ. ಎಫ್‌ಎನ್‌ಯು ಮತ್ತು ಹಳೆ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ಎರಡನೇ ಸಲ ಕಳಿಸಿದಾಗ ಪ್ರವೇಶ, ನಿರ್ಗಮನ ಎರಡೂ ಬಂತು. ಒಟ್ಟು ನಾಲ್ಕು ತಿಂಗಳು ಹಿಡಿದಿರಬೇಕು. ನೋಟರಿಗೆ ಕೊಟ್ಟ 300 ರೂಪಾಯಿ ವ್ಯರ್ಥ. ಸುಳ್ಳಾದರೆ ಅಮೆರಿಕದ ಕಾನೂನಿನ ಪ್ರಕಾರ ಶಿಕ್ಷೆಗೆ ಒಳಪಡುತ್ತೇನೆ ಎಂಬ ಘೋಷಣೆಗೆ ಸಹಿ ಹಾಕಿದರೆ ಸಾಕಿತ್ತು.

ಯುಎಸ್‌ಸಿಐಎಸ್ ಅರ್ಜಿ ಬೇಕಾದದ್ದು ಬೇರೆ ಕಾರಣಕ್ಕೆ. ಗಡೀಪಾರು ಆದೇಶ ಏನಾದರೂ ಇದ್ದರೆ ಮೇಲಿನ ಲೆಕ್ಕವೆಲ್ಲ ಕೆಲಸಕ್ಕೆ ಬಾರದು. ಆದೇಶದ ತಡೆ ಬೇರೆ ಕಲಮು, ಅಲ್ಲಿ ಮಕ್ಕಳಿಗೆ ಇಂಥ ವಿನಾಯಿತಿ ಇಲ್ಲ. ಹೆತ್ತವರು ಕೋರ್ಟಿಗೆ ಹೋಗದೆ ತಪ್ಪಿಸಿಕೊಂಡಿದ್ದರೆ ಮಗುವಿನ ಹೆಸರಿನಲ್ಲೂ ಆದೇಶ ಆಗಿರಬಹುದು. "ಎ" ನಂಬರ್ (ವಲಸೆ ಇಲಾಖೆ ಒಬ್ಬರ ಹೆಸರಿನಲ್ಲಿ ಫೈಲು ತೆರೆದಾಗ ಕೊಡುವ ಸಂಖ್ಯೆ) ಎಂದೂ ಕೊಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ನಾನು ಮುಂದೆ ಹೋದದ್ದು.

ಇನ್ನು ಫಾರ್ಮ್. ಡಿಎಸ್-160ರಲ್ಲಿ ಓವರ್‌ಸ್ಟೇ ಬಗ್ಗೆ ನೇರ ಪ್ರಶ್ನೆ ಇದೆ. ಉತ್ತರ "ಹೌದು". 18ರ ಒಳಗಿನ ದಿನ ಲೆಕ್ಕಕ್ಕಿಲ್ಲ ಎನ್ನುವುದು ತಡೆಗೆ ಮಾತ್ರ, ಪ್ರಶ್ನೆಗೆ ಅಲ್ಲ. ಒಬ್ಬ ಏಜೆಂಟರು "ಇಲ್ಲ" ಎಂದು ಒತ್ತಿಬಿಟ್ಟಿದ್ದರು. ಸಬ್ಮಿಟ್ ಮಾಡುವ ಮೊದಲು ಪಿಡಿಎಫ್ ತರಿಸಿ ನೋಡಿದ್ದರಿಂದ ಬಚಾವ್. ಸುಳ್ಳು ಹೇಳಿ ಸಿಕ್ಕಿಬಿದ್ದರೆ 212(ಎ)(6)(ಸಿ), ಅದು ಜೀವಮಾನದ ತಡೆ. ಇಲ್ಲದ ಹತ್ತು ವರ್ಷದ ಬ್ಯಾನ್ ತಪ್ಪಿಸಲು ಹೋಗಿ ಜೀವಾವಧಿ ತೆಗೆದುಕೊಂಡ ಹಾಗೆ. ಅದೇ ಫಾರ್ಮಿನಲ್ಲಿ ಓದಿದ ಹೈಸ್ಕೂಲಿನ ವಿಳಾಸವೂ ಬೇಕು, ಆ ಶಾಲೆ ಇದ್ದದ್ದು ಅಮೆರಿಕದಲ್ಲಿ. ಮುಚ್ಚಿಡುವುದು ಎಲ್ಲಿಂದ? ವಿವರಣೆಯ ಡಬ್ಬದಲ್ಲಿ ನಾಲ್ಕು ವಾಕ್ಯ ಬರೆದೆ: ತಾರೀಕುಗಳು, ವಯಸ್ಸು, ದಿನದ ಲೆಕ್ಕ, ಕಲಮಿನ ಸಂಖ್ಯೆ. ಪದಶಃ ಇಲ್ಲಿ ಕೊಡುವುದಿಲ್ಲ, ಒಂದೇ ವಾಕ್ಯ ಹತ್ತು ಫೈಲಿನಲ್ಲಿ ಕಂಡರೆ ಹತ್ತೂ ಕೆಡುತ್ತವೆ.

ಹಳೆ ಬಿ-2 ವೀಸಾ ಹತ್ತು ವರ್ಷದ್ದು, 2018ರವರೆಗೆ ಇತ್ತು. "ಅದರಲ್ಲೇ ಹೋಗಬಹುದಿತ್ತು" ಎಂದವರಿದ್ದಾರೆ. 222(ಜಿ) ಪ್ರಕಾರ ಐ-94 ದಾಟಿದ ಮರುದಿನವೇ ಆ ವೀಸಾ ಸತ್ತಿತು, ಮೇಲೆ ಏನೇ ಅಚ್ಚಾಗಿರಲಿ. ಇಲ್ಲಿ ವಯಸ್ಸಿನ ವಿನಾಯಿತಿ ಇಲ್ಲ. ಹೊಸ ವೀಸಾಕ್ಕೆ ಸ್ವದೇಶದಲ್ಲೇ ಅರ್ಜಿ ಹಾಕಬೇಕು.

ಸಂದರ್ಶನಕ್ಕೆ ಚೆನ್ನೈ ಕಾನ್ಸುಲೇಟಿಗೆ ಎರಡು ಸಲ ಹೋದೆ. ಮೊದಲ ಸಲ 214(ಬಿ), ಅಂದರೆ ವಾಪಸ್ ಬರುತ್ತಾರೆಂದು ನಂಬಿಕೆಯಾಗಲಿಲ್ಲ ಎಂಬ ತಿರಸ್ಕಾರ, ಎರಡು ನಿಮಿಷವೂ ಆಗಲಿಲ್ಲ. ತಪ್ಪು ನನ್ನದೇ. "ಯಾಕೆ ಉಳಿದಿರಿ" ಎಂದದ್ದಕ್ಕೆ "ಚಿಕ್ಕವನಿದ್ದೆ, ಗೊತ್ತಿಲ್ಲ" ಎಂದೆ. ಅಧಿಕಾರಿಗೆ ಬೇಕಾದದ್ದು ದಿನದ ಲೆಕ್ಕ, ಮತ್ತೆ ಈ ಸಲ ವಾಪಸ್ ಬರುವ ಕಾರಣ. ತಡೆ ಇಲ್ಲ ಎಂದ ಮಾತ್ರಕ್ಕೆ 214(ಬಿ) ಮಾಯವಾಗುವುದಿಲ್ಲ, ನಿಜವಾದ ಅಡ್ಡಗೋಡೆ ಅದೇ. ಹೆತ್ತವರೂ ನನ್ನ ಜೊತೆಗೇ ಊರಿಗೆ ಬಂದದ್ದು, ಇಲ್ಲಿನ ಡಿಗ್ರಿ, ಮೂರು ವರ್ಷದ ಪಿಎಫ್ ದಾಖಲೆ, ಇವು ಎರಡನೇ ಸಲ ನೆರವಾದವು. ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿದೆ, ತಾರೀಕು, ವಯಸ್ಸು, ಪುರಾವೆ ಎಂದು ಮೂರು ಕಾಲಂ. ಐವತ್ತು ಪುಟದ ಫೈಲ್ ಕಿಟಕಿಯಾಚೆ ಯಾರೂ ಬಿಡಿಸುವುದಿಲ್ಲ. ಹಾಳೆ ನೋಡಿ 221(ಜಿ) ಚೀಟಿ (ಇನ್ನಷ್ಟು ದಾಖಲೆ ಬೇಕು ಎಂಬುದು) ಕೊಟ್ಟರು, ಹಳೆ ಪಾಸ್‌ಪೋರ್ಟ್ ಕಳಿಸಲು ಹೇಳಿದರು. ಐದಾರು ವಾರದಲ್ಲಿ ವೀಸಾ ಬಂತು.

ಖರ್ಚು ನೆನಪಿನಿಂದ: ವೀಸಾ ಫೀಸ್ 185 ಡಾಲರ್, ಎರಡು ಸಲ, ರೂಪಾಯಿಯಲ್ಲಿ ಸುಮಾರು 31,000. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲಾತಿ ಶುಲ್ಕ) 350 ಡಾಲರ್, ಒಂದೇ ಸಲ. ತಿರಸ್ಕಾರವಾಗಿ 12 ತಿಂಗಳೊಳಗೆ ಮತ್ತೆ ಹಾಕಿದರೆ ಅದೇ ನಡೆಯುತ್ತದೆ, ಮತ್ತೊಮ್ಮೆ ಕಟ್ಟಿಸುವ ಏಜೆಂಟರನ್ನು ಬಿಡಿ. ಬೆರಳಚ್ಚು ಒಂದು ದಿನ, ಸಂದರ್ಶನ ಮರುದಿನ, ಹಾಗಾಗಿ ವೆಸ್ಟ್ ಕೋಸ್ಟ್ ರೈಲು, ಲಾಡ್ಜ್, ಊಟ ಸೇರಿ ಸಲಕ್ಕೆ 8,000 ಆಸುಪಾಸು. ಏಜೆಂಟರಿಗೆ ದಂಡವಾದದ್ದು 25,000. ಅಲ್ಲಿನ ವಕೀಲರೊಬ್ಬರು ಕೇಳಿದ್ದು 3,000 ಡಾಲರ್, ಅದು ಉಳಿಯಿತು. ಸ್ಲಾಟ್ ಬೇಗ ಸಿಕ್ಕಿದ ಉಪಾಯ ನನ್ನಲ್ಲೇ ಇರಲಿ.

ನಡುವೆ ಬೇರೆ ದೇಶಗಳ ನಿಯಮವನ್ನೂ ತಿರುವಿ ಹಾಕಿದೆ. ಬ್ರಿಟನ್ನಿನ ನಿಯಮದ ಆಗಿನ 9.8 ಭಾಗದಲ್ಲೂ 18 ತುಂಬಿದ ಮೇಲಿನ ಓವರ್‌ಸ್ಟೇ ಮಾತ್ರ ಉಲ್ಲಂಘನೆಯಾಗಿತ್ತು. ಕೆನಡಾದ ಅರ್ಜಿ ತುಂಬಿಸಿ ಅರ್ಧಕ್ಕೆ ಬಿಟ್ಟೆ. ಆಗ 150 ಕೆನಡಾ ಡಾಲರ್ ಫೀಸ್, 85 ಬಯೋಮೆಟ್ರಿಕ್, ಮತ್ತು ಅಮೆರಿಕದ ತಿರಸ್ಕಾರವನ್ನು ಅಲ್ಲೂ ಹೇಳಲೇಬೇಕು. ಗಲ್ಫಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ದುಬೈಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಕಟ್ಟಿ ಮುಗಿಸುವ ಅಭ್ಯಾಸದವರು ಅಮೆರಿಕಕ್ಕೂ ಹಾಗೇ ಇರಬೇಕು ಎಂದುಕೊಳ್ಳುತ್ತಾರೆ. ಇಲ್ಲಿ ದಂಡ ಕಟ್ಟುವ ಕೌಂಟರೇ ಇಲ್ಲ.

ಎಚ್-4 (ಅಲ್ಲಿ ಕೆಲಸದ ವೀಸಾದಲ್ಲಿರುವವರ ಕುಟುಂಬದ ವೀಸಾ) ಮಕ್ಕಳ ಹೆತ್ತವರಿಗೂ ಒಂದು ಮಾತು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಷ್ಯ. ಅದು ಮುಗಿಯುವ ದಿನಕ್ಕೇ ವಿಮಾನ ನಿಲ್ದಾಣದಲ್ಲಿ ಮಗುವಿನ ಐ-94 ಕತ್ತರಿಸುತ್ತಾರೆ, ಅಪ್ಪನದ್ದು ಮಾತ್ರ ಮುಂದೆ ಇರುತ್ತದೆ. ಯಾರಿಗೂ ತಿಳಿಯದೆ ಮಗು ಓವರ್‌ಸ್ಟೇ. ಪ್ರತಿ ಸಲ ಒಳಗೆ ಹೋದ ಮೇಲೆ ಎಲ್ಲರ ಐ-94 ಇಳಿಸಿ ತಾರೀಕು ನೋಡಿ.

ವೀಸಾ ಸಿಕ್ಕಿದ ಮೇಲೂ ಹಳೆ ದಾಖಲೆ ಕಂಪ್ಯೂಟರಿನಲ್ಲಿ ಉಳಿದೇ ಇರುತ್ತದೆ. ಇಳಿದ ಕೂಡಲೇ ನನ್ನನ್ನು ಒಳಕೋಣೆಗೆ ಕರೆದರು, ಅದೇ ಒಂದು ಹಾಳೆ ಕೊಟ್ಟೆ, ಮುಕ್ಕಾಲು ಗಂಟೆಯಲ್ಲಿ ಬಿಟ್ಟರು. ಅದರ ಎರಡು ಪ್ರತಿ, ಬಜ್ಪೆ ಸ್ಟಾಂಪಿನ ಹಳೆ ಪಾಸ್‌ಪೋರ್ಟ್, ಎರಡೂ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗು ಕೈಗೆ ಸಿಗುವುದು ಇಮಿಗ್ರೇಷನ್ ದಾಟಿದ ಮೇಲೆ.