ಬಾಗಿಲು ಎಲ್ಲಿದೆ ನೋಡಿ: ನ್ಯಾಯಮೂರ್ತಿ ಖನ್ನಾ ಅವರ ತೀರ್ಪುಗಳನ್ನು ಓದುವುದು ಹೇಗೆ?

ಸುಪ್ರೀಂ ಕೋರ್ಟಿನ ತೀರ್ಪು ಅಂದರೆ ನೂರಾರು ಪುಟ, ಅದು ವಕೀಲರ ಪಾಡು ಎಂದುಕೊಂಡು ನಾವು ಪತ್ರಿಕೆಯ ತಲೆಬರಹ ಓದಿ ಸುಮ್ಮನಾಗುತ್ತೇವೆ. ಅಷ್ಟೊಂದು ಹೆದರಬೇಕಿಲ್ಲ. ಒಬ್ಬರೇ ನ್ಯಾಯಮೂರ್ತಿಯನ್ನು ಆರಿಸಿಕೊಂಡು ಅವರ ನಾಲ್ಕು ತೀರ್ಪು ಓದಿ ನೋಡಿ. ಸ್ವಾತಂತ್ರ್ಯ, ಸಮಾನತೆ, ಅಧಿಕಾರ ಎಂಬ ದೊಡ್ಡ ಮಾತುಗಳು ಒಂದು ಮೊಕದ್ದಮೆಯ ಒಳಗೆ ಹೇಗೆ ಕೆಲಸ ಮಾಡುತ್ತವೆ ಎಂದು ಗೊತ್ತಾಗುತ್ತದೆ. ನಾನಂತೂ ಎಚ್.ಆರ್. ಖನ್ನಾ ಅವರಿಂದ ಶುರು ಮಾಡಿ ಎನ್ನುತ್ತೇನೆ. 1912ರಲ್ಲಿ ಅಮೃತಸರದಲ್ಲಿ ಹುಟ್ಟಿದ ಇವರು 1971ರಿಂದ 1977ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದರು.

ಮೊದಲ ಹೆಜ್ಜೆ: ಬರೆದವರು ಯಾರು ನೋಡಿ

ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಜಾಲತಾಣದಲ್ಲಿ ತೀರ್ಪುಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ‘ಎಡಿಎಂ ಜಬಲ್ಪುರ’ ಎಂದು ಹುಡುಕಿ (ಎಡಿಎಂ ಅಂದರೆ ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್). 1976ರ ಏಪ್ರಿಲ್ 28ರ ತೀರ್ಪು ಅದು. ಪೀಠದಲ್ಲಿ ಐವರಿದ್ದರು: ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ, ಖನ್ನಾ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ. ಐವರೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಹಾಗಾಗಿ ‘ಕೋರ್ಟ್ ಹೀಗೆ ಹೇಳಿತು’ ಎನ್ನುವ ಮೊದಲು ಯಾರ ಪುಟದಲ್ಲಿದ್ದೀರಿ ಎಂದು ನೋಡಿಕೊಳ್ಳಿ. ನಾಲ್ವರು ಒಂದು ಕಡೆ, ಖನ್ನಾ ಒಬ್ಬರೇ ಇನ್ನೊಂದು ಕಡೆ.

ಎರಡನೇ ಹೆಜ್ಜೆ: ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಎರಡು ದಿನಕ್ಕೆ ರಾಷ್ಟ್ರಪತಿಯವರ ಆದೇಶವೂ ಬಂತು. ಸಂವಿಧಾನದ 14 (ಸಮಾನತೆ), 21 (ಜೀವ ಮತ್ತು ಸ್ವಾತಂತ್ರ್ಯ) ಮತ್ತು 22ನೇ (ಬಂಧನದ ವೇಳೆ ರಕ್ಷಣೆ) ವಿಧಿಗಳ ಹಕ್ಕು ಜಾರಿ ಮಾಡಿ ಎಂದು ಯಾರೂ ಕೋರ್ಟಿಗೆ ಹೋಗುವಂತಿಲ್ಲ ಎಂದಿತ್ತು ಅದು. ಅಷ್ಟರಲ್ಲಿ ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನಕ್ಕೊಳಗಾಗಿದ್ದರು. ಅವರು ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹೇಬಿಯಸ್ ಕಾರ್ಪಸ್ ಅಂದರೆ ಸರಳವಾಗಿ ಇಷ್ಟೇ: ‘ಹಿಡಿದಿಟ್ಟವರನ್ನು ತಂದು ನಿಲ್ಲಿಸಿ, ಯಾಕೆ ಹಿಡಿದಿರಿ ಹೇಳಿ.’ ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಬಹುದು ಎಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಈಗ ಪ್ರಶ್ನೆ ಬರೆದುಕೊಳ್ಳಿ. ಬಂಧನ ಸರಿಯೋ ತಪ್ಪೋ ಎಂಬುದಲ್ಲ ಪ್ರಶ್ನೆ. ಅದು ಸರಿಯೋ ತಪ್ಪೋ ಎಂದು ಕೇಳಲು ಕೋರ್ಟಿನ ಬಾಗಿಲು ತೆರೆದಿದೆಯೇ ಎಂಬುದು. ಈ ವ್ಯತ್ಯಾಸ ತಪ್ಪಿದರೆ ಮುಂದೆ ಏನು ಓದಿದರೂ ದಿಕ್ಕು ತಪ್ಪುತ್ತದೆ.

ಮೂರನೇ ಹೆಜ್ಜೆ: ಎದುರು ವಾದವನ್ನು ಕೊನೆತನಕ ಕರೆದೊಯ್ಯಿರಿ

ವಿಚಾರಣೆಯಲ್ಲಿ ಖನ್ನಾ ಮಾಡಿದ್ದೂ ಇದನ್ನೇ. ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಪರಿಹಾರವಿದೆಯೇ ಎಂದು ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು. ನನ್ನ ಮನಸ್ಸಿಗೂ ಇದು ಆಘಾತವೇ, ಆದರೆ ನನ್ನ ವಾದದ ಪ್ರಕಾರ ಕೋರ್ಟಿನಲ್ಲಿ ಏನೂ ಮಾಡಲಾಗದು ಎಂಬರ್ಥದ ಮಾತನ್ನೂ ಡೇ ಸೇರಿಸಿದರು. ಒಂದು ವಾದ ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಅದರ ಕೊನೆಯ ಮನೆಗೆ ಹೋಗಿ ಕದ ತಟ್ಟಬೇಕು, ಅಲ್ವಾ?

ನಾಲ್ಕನೇ ಹೆಜ್ಜೆ: ತೀರ್ಪು ನಿಂತಿರುವ ಕಂಬ ಹುಡುಕಿ

ಇಲ್ಲಿ ನಿಧಾನವಾಗಿ ಓದಿ. ಪೆನ್ಸಿಲ್ ಕೈಯಲ್ಲಿರಲಿ.

ತುರ್ತು ಪರಿಸ್ಥಿತಿಯಲ್ಲಿ ಯಾರನ್ನೂ ಬಂಧಿಸಬಾರದು ಎಂದು ಖನ್ನಾ ಹೇಳಲಿಲ್ಲ. ಅವರು ಹಿಡಿದದ್ದು ಬೇರೆ ಎಳೆ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು 21ನೇ ವಿಧಿಯೊಂದೇ ತಂದುಕೊಟ್ಟಿತೇ? ಇಲ್ಲ ಎಂದರು ಅವರು. ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಸರ್ಕಾರ ಕಸಿಯುವಂತಿಲ್ಲ ಎಂಬ ನಿಯಮ ಸಂವಿಧಾನಕ್ಕಿಂತ ಹಳೆಯದು. ಬ್ರಿಟಿಷರ ಆಳ್ವಿಕೆಯಲ್ಲೂ ಕೋರ್ಟುಗಳು ಅದನ್ನು ಒಪ್ಪಿದ್ದವು. 21ನೇ ವಿಧಿಯನ್ನು ಪಕ್ಕಕ್ಕಿಟ್ಟರೂ ಆ ನಿಯಮ ಉಳಿದೇ ಇರುತ್ತದೆ. ಮನೆಯ ಫಲಕ ತೆಗೆದರೆ ಮನೆಯೇ ಮಾಯವಾಗುವುದಿಲ್ಲವಲ್ಲ, ಹಾಗೆ.

ನಾಲ್ವರು ಒಪ್ಪಲಿಲ್ಲ. ಮರು ತಿಂಗಳು, ಮೇ 1976ರಲ್ಲಿ, ನಟಿ ಸ್ನೇಹಲತಾ ರೆಡ್ಡಿ ಬಂಧನಕ್ಕೊಳಗಾಗಿ ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು. ಅಸ್ತಮಾದಿಂದ ನರಳಿದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಬಾಗಿಲು ಮುಚ್ಚುವುದು ಎಂದರೆ ಏನು ಎಂದು ತಿಳಿಯಲು ತೀರ್ಪಿನ ಜೊತೆಗೆ ಇದನ್ನೂ ನೆನಪಿಟ್ಟುಕೊಳ್ಳಿ.

ಐದನೇ ಹೆಜ್ಜೆ: ಅವರದೇ ಬೇರೆ ತೀರ್ಪುಗಳ ಪಕ್ಕ ಇಡಿ

ಒಂದೇ ತೀರ್ಪು ಓದಿ ಯಾರನ್ನೂ ದೇವರು ಮಾಡಬೇಡಿ. ಮೊದಲು ಕೇಶವಾನಂದ ಭಾರತಿ ಪ್ರಕರಣ ತೆಗೆಯಿರಿ. ಕಾಸರಗೋಡಿನ ನಮ್ಮ ಎಡನೀರು ಮಠದ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ಮೊಕದ್ದಮೆ ಅದು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರಲ್ಲಿ ತೀರ್ಪು ಕೊಟ್ಟಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ತಕ್ಕಡಿ ವಾಲಿಸಿದ್ದು ಖನ್ನಾ. ಆಸ್ತಿಯ ಹಕ್ಕು ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದಲ್ಲ ಎಂದರು. ಸಂಪತ್ತು ಕೆಲವರ ಕೈಯಲ್ಲೇ ಸೇರದಂತೆ ಮಾಡುವ ಕಾನೂನಿಗೆ ರಕ್ಷಣೆ ಕೊಟ್ಟ 31-ಸಿ ವಿಧಿಯ ಮೊದಲ ಭಾಗವನ್ನು ಒಪ್ಪಿದರು. ಆದರೆ ‘ಈ ಕಾನೂನು ಅದೇ ಉದ್ದೇಶಕ್ಕೆ’ ಎಂದು ಸರ್ಕಾರ ಘೋಷಿಸಿದರೆ ಕೋರ್ಟು ಪ್ರಶ್ನಿಸುವಂತಿಲ್ಲ ಎಂಬ ಎರಡನೇ ಭಾಗವನ್ನು ಹೊಡೆದುಹಾಕಿದರು.

ಮತ್ತೆ ಬಾಗಿಲು!

1975ರ ನವೆಂಬರ್‌ನ ಇಂದಿರಾ ಗಾಂಧಿ ಚುನಾವಣಾ ಪ್ರಕರಣದಲ್ಲೂ ಅದೇ. ಪ್ರಧಾನಿಯ ಆಯ್ಕೆಯನ್ನು ಕೋರ್ಟಿನ ಕೈಗೆ ಸಿಗದಂತೆ ಮಾಡಿದ ತಿದ್ದುಪಡಿಯನ್ನು ಒಪ್ಪಲಿಲ್ಲ. ಆದರೆ ಇಂದಿರಾ ಅವರ ಆಯ್ಕೆಯನ್ನು ಎತ್ತಿಹಿಡಿದರು. ಅಂದರೆ ಖನ್ನಾ ಅಧಿಕಾರಕ್ಕೆ ಬೇಕಾದಷ್ಟು ಜಾಗ ಬಿಡುತ್ತಾರೆ, ಬಾಗಿಲಿಗೆ ಬೀಗ ಹಾಕಲು ಮಾತ್ರ ಬಿಡುವುದಿಲ್ಲ.

ಇನ್ನು ಎನ್.ಎಂ. ಥಾಮಸ್ ಪ್ರಕರಣ, 1975. ಬಡ್ತಿಗೆ ಬೇಕಾದ ಇಲಾಖಾ ಪರೀಕ್ಷೆ ಪಾಸು ಮಾಡಲು ಪರಿಶಿಷ್ಟ ಜಾತಿ, ಪಂಗಡಗಳ ಗುಮಾಸ್ತರಿಗೆ ಕೇರಳ ಸರ್ಕಾರ ಜಾಸ್ತಿ ಸಮಯ ಕೊಟ್ಟಿತ್ತು. ಬಹುಮತ ಇದನ್ನು ಒಪ್ಪಿತು. ಖನ್ನಾ ಒಪ್ಪಲಿಲ್ಲ. ಇಲ್ಲಿ ನನ್ನ ಮತ ಬಹುಮತದ ಕಡೆಗೆ. ಸ್ವಾತಂತ್ರ್ಯದ ಮಾತು ಬಂದಾಗ ವಿಧಿಯ ಅಕ್ಷರದಾಚೆಗೆ ನೋಡಿದವರು ಸಮಾನತೆಯ ವಿಷಯದಲ್ಲಿ ಅಕ್ಷರಕ್ಕೇ ಅಂಟಿಕೊಂಡರು ಎನಿಸುತ್ತದೆ. ನಿಮಗೆ ಬೇರೆ ಅನಿಸಬಹುದು. ಅದಕ್ಕೇ ಮೂಲ ಓದಬೇಕು.

ಆರನೇ ಹೆಜ್ಜೆ: ಆಮೇಲೆ ಏನಾಯಿತು ನೋಡಿ

1977ರ ಜನವರಿಯಲ್ಲಿ ಹಿರಿತನದಲ್ಲಿ ಮುಂದಿದ್ದ ಖನ್ನಾ ಅವರನ್ನು ಬಿಟ್ಟು ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು. ಹೀಗೆ ಹಿರಿತನ ಮೀರಿದ್ದು ಅದೇ ಮೊದಲಲ್ಲ. 1973ರಲ್ಲಿ ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ ಸೇರಿ ಮೂವರಿಗೆ ಹೀಗೇ ಆಗಿತ್ತು.

ಮುಂದೆ 44ನೇ ತಿದ್ದುಪಡಿ ಬಂದು, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ತಡೆಹಿಡಿಯುವಂತಿಲ್ಲ ಎಂದಾಯಿತು. ಜಬಲ್ಪುರ ತೀರ್ಪು ರದ್ದಾಗಲು ಮಾತ್ರ 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಅದನ್ನು ರದ್ದು ಮಾಡಿದ್ದು ಖಾಸಗಿತನದ ಹಕ್ಕಿನ ತೀರ್ಪು; ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಜಬಲ್ಪುರ ಪ್ರಕರಣದ ಬಹುಮತದ ನಾಲ್ಕೂ ತೀರ್ಪುಗಳಲ್ಲಿ ಗಂಭೀರ ದೋಷವಿದೆ ಎಂದು ಅದರಲ್ಲಿ ಬರೆದವರು ಡಿ.ವೈ. ಚಂದ್ರಚೂಡ್. ಆ ನಾಲ್ವರಲ್ಲಿ ಒಬ್ಬರು ಅವರ ತಂದೆ. ಓದುವಾಗ ಅಪ್ಪನ ತೀರ್ಪು ಮೊದಲು ಓದಿ, ಆಮೇಲೆ ಮಗನದು.