ಸಾವಿರ ಡಿಗ್ರಿಯಲ್ಲೂ ಬಾಳುವ ಎಲೆಕ್ಟ್ರೋಡ್: ಲೋಹ ಆರಿಸುವುದು ಹೇಗೆ?

ಜೆಟ್ ಎಂಜಿನ್ ಅಥವಾ ಕುಲುಮೆಯೊಳಗೆ ಇಡುವ ಸೆನ್ಸರ್‌ನಲ್ಲಿ ಬೇಗ ಕೈಕೊಡುವ ಭಾಗಗಳಲ್ಲಿ ಎಲೆಕ್ಟ್ರೋಡ್ ಕೂಡ ಒಂದು. ಎಷ್ಟೋ ಸೆನ್ಸರ್‌ಗಳಲ್ಲಿ ಅದು ಒಂದು ಮೈಕ್ರಾನ್‌ಗಿಂತಲೂ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ತೆಳುವಾದ ಲೋಹದ ಪದರ. ಹಾಗಾಗಿ ಲೋಹ ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ಸುಮ್ನೆ ನೋಡಿದರೆ ಸಾಲದು.

ಮೊದಲು ಸಣ್ಣದೊಂದು ಲೆಕ್ಕ ಹಾಕಿ. ಲೋಹ ಕರಗುವ ತಾಪಮಾನವನ್ನು ಕೆಲ್ವಿನ್‌ಗೆ ಬದಲಿಸಿ (ಸೆಲ್ಸಿಯಸ್‌ಗೆ 273 ಕೂಡಿಸಿ), ಅರ್ಧ ಮಾಡಿ, ಮತ್ತೆ ಸೆಲ್ಸಿಯಸ್‌ಗೆ ತನ್ನಿ. ಸುಮಾರು ಅಲ್ಲಿಂದ ಮೇಲೆ ಅದರ ಪರಮಾಣುಗಳು ಜೋರಾಗಿ ಜಾಗ ಬದಲಿಸತೊಡಗುತ್ತವೆ. ಅಲ್ಯೂಮಿನಿಯಂಗೆ ಈ ಗಡಿ ಸುಮಾರು 190 ಡಿಗ್ರಿ ಸೆಲ್ಸಿಯಸ್, ಚಿನ್ನಕ್ಕೆ 395. ಪ್ಲಾಟಿನಂ ಕರಗುವುದು 1768ರಲ್ಲಿ, ಗಡಿ ಮಾತ್ರ 750ರ ಹತ್ತಿರ. ಗಡಿ ದಾಟಿದ ತೆಳು ಪದರ ಕೆಸುವಿನ ಎಲೆ ಮೇಲಿನ ನೀರಿನಂತೆ ಅಲ್ಲಲ್ಲಿ ಗುಂಡಾಗಿ ನಿಲ್ಲುತ್ತದೆ. ಮೊದಲು ಸಣ್ಣ ತೂತುಗಳು. ತೂತುಗಳು ಕೂಡಿ ಬಿರುಕು. ಕೊನೆಗೆ ಒಂದಕ್ಕೊಂದು ತಾಗದ ದ್ವೀಪಗಳು. ಲೋಹ ಕರಗಿಲ್ಲ, ಆದರೂ ಕರೆಂಟ್ ಹರಿಯಲು ದಾರಿಯೇ ಇಲ್ಲ!

ಟಂಗ್‌ಸ್ಟನ್ 3422 ಡಿಗ್ರಿಯವರೆಗೆ ಕರಗುವುದಿಲ್ಲ, ಅದನ್ನೇ ಹಾಕಬಹುದಲ್ವಾ? ನಿರ್ವಾತದಲ್ಲಾದರೆ ಸರಿ. ಗಾಳಿಯಲ್ಲಿ 500 ಡಿಗ್ರಿ ದಾಟಿದರೆ ಆಕ್ಸೈಡ್ ಆಗಿ ಹಾಳಾಗುತ್ತದೆ. ಆದ್ದರಿಂದ ಸೆನ್ಸರ್ ಸುತ್ತ ಯಾವ ಅನಿಲವಿದೆ ಎಂದು ಎರಡನೆಯದಾಗಿ ನೋಡಿ.

ಮೂರನೆಯದು ಅಂಟು ಪದರ. ಪ್ಲಾಟಿನಂ ಸೆರಾಮಿಕ್‌ಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅಡಿಯಲ್ಲಿ ಟೈಟಾನಿಯಂ ಹಾಕುವುದು ರೂಢಿ, ಆದರೆ ಬಿಸಿ ಜಾಸ್ತಿಯಾದರೆ ಅದು ಪ್ಲಾಟಿನಂ ಒಳಗೇ ನುಗ್ಗುತ್ತದೆ. ಜಿರ್ಕೋನಿಯಂ ವಾಸಿ.

800 ಡಿಗ್ರಿಗಿಂತ ಮೇಲೆ ಏನು ಮಾಡಬೇಕು? ಅಮೆರಿಕದ ಮೈನ್ ವಿಶ್ವವಿದ್ಯಾಲಯದ ಸಂಶೋಧಕರ ದಾರಿ ನನಗೆ ಬಹಳ ಹಿಡಿಸಿದೆ. ಅವರು ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ಜೊತೆ ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂನ ಆಕ್ಸೈಡ್, ಸೇರಿಸಿದರು. ಅದು ಲೋಹದ ಹರಳುಗಳ ನಡುವೆ ಕೂತು ಪರಮಾಣುಗಳ ಓಡಾಟಕ್ಕೆ ತಡೆ ಹಾಕುತ್ತದೆ. ಬಿಸಿ ತಾಳುವ ಲ್ಯಾಂಗಸೈಟ್ ಎಂಬ ಹರಳಿನ ಮೇಲೆ ಕೂರಿಸಿದ ಇಂಥ ಎಲೆಕ್ಟ್ರೋಡ್‌ಗಳು 1000 ಡಿಗ್ರಿಯ ಆಸುಪಾಸಿನಲ್ಲೂ ಕೆಲಸ ಮಾಡಿವೆ. ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ವಾರ್ಟ್ಜ್ ಹರಳು ಇಲ್ಲಿಗೆ ಆಗುವುದಿಲ್ಲ. 573 ಡಿಗ್ರಿಯಲ್ಲೇ ಅದರ ಒಳರಚನೆ ಬದಲಾಗುತ್ತದೆ.

ಕೊನೆಗೆ ಪರೀಕ್ಷೆ. ಬಳಸುವ ಬಿಸಿಗಿಂತ ತುಸು ಜಾಸ್ತಿ ಬಿಸಿಯಲ್ಲಿ, ಅದೇ ಅನಿಲದಲ್ಲಿ ಗಂಟೆಗಟ್ಟಲೆ ಕಾಯಿಸಿ. ತಾಪಮಾನ ಬದಲಿಸದೆ ಪ್ರತಿರೋಧ ಅಳೆಯುತ್ತಿರಿ. ಶುರುವಿನಲ್ಲಿ ಕೊಂಚ ಇಳಿದರೆ ಗಾಬರಿ ಬೇಡ, ಹರಳುಗಳು ದೊಡ್ಡದಾಗುತ್ತಿರುತ್ತವೆ. ಆಮೇಲೆ ನಿಲ್ಲದೆ ಏರುತ್ತಲೇ ಹೋದರೆ ತಣ್ಣಗಾಗಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೂತುಗಳನ್ನು ಹುಡುಕಿ.