ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಕ್ವಾಡ್ ತಗೊಳ್ಳುವ ಮೊದ್ಲು

ಸ್ಪೋರ್ಟ್ ಕ್ವಾಡ್ ಅಂದ್ರೆ ಮಣ್ಣು, ಮರಳಲ್ಲಿ ಜೋರಾಗಿ ಓಡಿಸುವ ನಾಲ್ಕು ಚಕ್ರದ ಬೈಕ್. ಫಸ್ಟ್ ಟೈಮ್ ಆದ್ರೆ 250 ಸಿಸಿ ಸಾಕು ಮಾರಾಯ್ರೆ, ಯಮಹಾ ರ‍್ಯಾಪ್ಟರ್ 700 ಮೇಲೆ ಆಸೆ ಆಗ್ತದೆ, ಆದ್ರೆ ಅದ್ರ ಪವರ್ ಹೊಸಬ್ರ ಕೈಗೆ ಸಿಗುದಿಲ್ಲ. ನಮ್ಮ ಊರಲ್ಲಿ ಮುಖ್ಯವಾಗಿ ನೋಡ್ಬೇಕಾದ್ದು ತುಕ್ಕು. ಮಲ್ಪೆ, ಪಣಂಬೂರು ಕಡೆ ಬೀಚಲ್ಲಿ ಓಡಿದ ಗಾಡಿಯಾದ್ರೆ ಮೇಲೆ ಪಾಲಿಶ್ ಹೊಡ್ದು ಪಳಪಳ ಇರ್ತದೆ, ನೀವು ಅಡಿಗೆ ಟಾರ್ಚ್ ಬಿಟ್ಟು ಬಗ್ಗಿ ನೋಡಿ, ವೆಲ್ಡಿಂಗ್ ಹತ್ರ ಪೇಂಟ್ ಉಬ್ಬಿದ್ರೆ ಉಗುರಲ್ಲಿ ಕೆರೆದು ನೋಡಿ, ಕೆಂಪು ಪುಡಿ, ಚಕ್ಕೆ ಉದುರಿದ್ರೆ ಬಿಟ್ಟು ಬನ್ನಿ. ಏರ್ ಫಿಲ್ಟರ್ ತೆಗ್ಸಿ, ಒಳಬದಿಯಲ್ಲಿ ಮರಳು ಕಂಡ್ರೆ ಅದು ಇಂಜಿನ್ ಒಳಗೂ ಹೋಗಿದೆ ಅಂತ ಲೆಕ್ಕ.

ಇಂಜಿನ್ ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡ್ಬೇಕು, ಮೊದ್ಲೇ ಬಿಸಿ ಮಾಡಿ ಇಟ್ಟಿದ್ರೆ ನಂಗೆ ಡೌಟೇ. ಫೋರ್ ಸ್ಟ್ರೋಕಲ್ಲಿ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಾ ಉಂಟು. ಮುಂದಿನ ಭಾಗ ಎತ್ತಿಸಿ ಚಕ್ರ ಹಿಡ್ದು ಅಲ್ಲಾಡಿಸಿ, ಕಟಕಟ ಅಂದ್ರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಹೋಗಿದೆ. ಚೈನ್, ಬ್ರೇಕ್ ಪ್ಯಾಡ್ ಸವೆದಿದ್ರೆ ತಲೆಬಿಸಿ ಬೇಡ, ಬದಲಿಸ್ಬಹುದು.

ಚಾಸಿ ನಂಬರ್ ಬಿಲ್ಲಿಗೆ ಮ್ಯಾಚ್ ಆಗ್ಬೇಕು, ಹೊರದೇಶದ್ದಾದ್ರೆ ಕಸ್ಟಮ್ಸ್ ಪೇಪರ್ ಕೇಳಿ. ಇದನ್ನು ರೋಡಲ್ಲಿ ಓಡಿಸ್ಲಿಕ್ಕಿಲ್ಲ, ಹಾಗಾಗಿ ಮನೆಗೆ ತರುವ ಟೆಂಪೋ ಬಾಡಿಗೆ, ಒಳ್ಳೆ ಹೆಲ್ಮೆಟ್ ಎಲ್ಲಾ ಲೆಕ್ಕ ಹಾಕಿಯೇ ರೇಟ್ ಮಾತಾಡಿ.